ಕಾಣದ ಒಕ್ಕಲು

“ಕೇಳಿರಪ್ಪೋ ಕೇಳಿ! ಕಣಿವೆಕೋಟೆಯ ದೊರೆ ಹಂಪರಸರ ಅಪ್ಪಣೆ! ರಾಜಕುಮಾರಿ ಚೆನ್ನಾಜಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರಮನೆಯ ಮೇಕೆ ಹಿಂಡಿನ ಯಜಮಾನಿಕೆ, ಜೊತೆಗೆ ಕೇಳಿದ ಒಂದು ವರ. ಒಂದು ತಪ್ಪಿದರೂ ತಲೆದಂಡ!”

ಸಂತೆಯಲ್ಲಿದ್ದವರೆಲ್ಲ ತಲೆದಂಡ ಎಂದೊಡನೆ ಹಿಂದೆ ಸರಿದರು. ಊರವರ ಮೇಕೆ ಮೇಯಿಸಿ ಬದುಕುತ್ತಿದ್ದ ಕ್ಯಾತ ಮಾತ್ರ ಡಂಗುರದವನ ಬೆನ್ನು ಹತ್ತಿದ.

“ಅಲ್ಲಣ್ಣ, ಮೇಕೆಗೂ ಒಗಟಿಗೂ ಏನು ಸಂಬಂಧ?”

ಡಂಗುರದವನು ನಿಂತು ವಿವರಿಸಿದ. ಅರಮನೆಯ ಹಿಂಡನ್ನು ಬಾಲವ್ವ ಎಂಬ ಮುದುಕಿ ನೋಡಿಕೊಳ್ಳುತ್ತಿದ್ದಳು. ತಾಯಿಯಿಲ್ಲದ ರಾಜಕುಮಾರಿಯನ್ನು ಮೇಕೆಯ ಹಾಲು ಕುಡಿಸಿ ಸಾಕಿದವಳೂ ಅವಳೇ. ಸಾಯುವಾಗ ಮೂರು ಒಗಟು ಹೇಳಿ, ‘ಇವನ್ನು ಬಿಡಿಸಿದವರ ಕೈಗೆ ನನ್ನ ಮೇಕೆ ಕೊಡು ಮಗಳೇ’ ಅಂದಳಂತೆ. ಅವಳು ಹೋದ ಮೇಲೆ ಅರಮನೆಯ ಆಳುಗಳು ಒಗಟಿನ ಅರ್ಥ ತಿಳಿಯದೆ ಪ್ರೀತಿಯಿಂದ ಮೇಕೆಗಳಿಗೆ ರಾಗಿ, ಬೆಲ್ಲ, ಹಬ್ಬದ ಅನ್ನ ಎಲ್ಲವನ್ನೂ ಹಾಕಿದರು. ಮೇಕೆಗಳ ಹೊಟ್ಟೆ ಉಬ್ಬಿತು, ಭೇದಿ ಹತ್ತಿತು. ಒಗಟು ಬಿಡಿಸುತ್ತೇವೆಂದು ಬಂದವರೆಲ್ಲ ಮದ್ದೆಂದು ಒಂದೊಂದು ಪುಡಿ ತಿನ್ನಿಸಿ ಇನ್ನಷ್ಟು ಕೊಂದರು. ಬಾಯಿಗೆ ಬಂದಂತೆ ಹೇಳುವವರು ಬರಬಾರದೆಂದು ದೊರೆ ತಲೆದಂಡದ ಮಾತು ಸೇರಿಸಿದ್ದರು.

“ಆ ಒಗಟು ಏನಿರಬೌದು?” ಅಂದ ಕ್ಯಾತ. ಎರಡು ದಿನ ಅದೇ ಗುಂಗು. ಮೂರನೆಯ ದಿನ ಊರವರ ಮೇಕೆಗಳನ್ನು ಅವರವರಿಗೆ ಒಪ್ಪಿಸಿ, ತನ್ನದೇ ಆದ ಬಿಳಿಗಿವಿ ಎಂಬ ಮೇಕೆಯನ್ನು ಹಗ್ಗದಲ್ಲಿ ಹಿಡಿದುಕೊಂಡು ಕೋಟೆಗೆ ನಡೆದ.

ಸಭೆಯಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಚೆನ್ನಾಜಿ ಮೊದಲ ಒಗಟು ಕೇಳಿದಳು:

“ಒಂದು ಮನೆಗೆ ನಾಲ್ಕು ಕೋಣೆ. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ಹಗಲೂ ರಾತ್ರಿ ಅಡುಗೆ ಬೇಯುತ್ತದೆ. ಒಳಗೆ ಹೋದ ಊಟ ಬಾಗಿಲಿಗೆ ಮರಳಿ ಬಂದು ಮತ್ತೆ ಒಳಗೆ ಹೋಗುತ್ತದೆ. ಯಾವ ಮನೆ ಅದು?”

ಕುದುರೆ ವ್ಯಾಪಾರಿ ಮುರಿಗೆಶೆಟ್ಟಿ ಮೀಸೆ ತೀಡಿ, “ಜೇನುಗೂಡು!” ಅಂದ. ತಲೆದಂಡದ ದಿನದವರೆಗೆ ಇಡಲು ಭಟರು ಅವನನ್ನು ಸೆರೆಗೆ ಒಯ್ದರು.

ಅನಂತಪಂಡಿತ ವೈದ್ಯ. ಅವನು ಸಾವಕಾಶವಾಗಿ, “ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ” ಅಂದ. ಸಭೆ ಹೌದೆಂದು ತಲೆದೂಗಿತು. ಕ್ಯಾತನೂ, “ನಾನೂ ಅದನ್ನೇ ಅನ್ನೋನಿದ್ದೆ ಬುದ್ಧಿ, ಮೇಕೆ ಹೊಟ್ಟೆ” ಅಂದ. ಎಲ್ಲರೂ ನಕ್ಕರು. ಚೆನ್ನಾಜಿ ನಗಲಿಲ್ಲ.

“ಎರಡನೆಯದು. ಆ ಮನೆಯಲ್ಲಿ ಕೋಟಿ ಒಕ್ಕಲು, ಒಬ್ಬರೂ ಕಣ್ಣಿಗೆ ಕಾಣರು. ಒಣಸೊಪ್ಪು ಕೊಟ್ಟರೆ ಯಜಮಾನನಿಗೇ ದುಡಿದು ಹಾಕುತ್ತಾರೆ. ಹಬ್ಬದೂಟ ಹಾಕಿದರೆ ಒಬ್ಬರನ್ನೊಬ್ಬರು ಮುಗಿಸಿ ಮನೆಯನ್ನೂ ಕೆಡವುತ್ತಾರೆ. ಯಾರು ಅವರು?”

“ಜಂತುಹುಳು!” ಅಂದ ಪಂಡಿತ.

“ಜಂತುಹುಳು ಯಜಮಾನನಿಗೆ ದುಡಿಯುತ್ತದೆಯೇ ಪಂಡಿತರೆ?” ಅಂದಳು ಚೆನ್ನಾಜಿ. ಅವನೂ ಸೆರೆಗೆ ಹೋದ.

ಕ್ಯಾತ ಕುಡಿಯಲು ಏನಾದರೂ ಕೊಡಿ ಎಂದು ಕೇಳಿದ. ಭಟನೊಬ್ಬ ಒಂದು ಲೋಟ ಮಜ್ಜಿಗೆ ತಂದುಕೊಟ್ಟ. ಹುಳಿ ನಾಲಗೆಗೆ ತಾಗಿದೊಡನೆ ಅವನು ಲೋಟದೊಳಗೇ ನೋಡುತ್ತ ನಿಂತುಬಿಟ್ಟ.

“ಬುದ್ಧಿ, ಹಾಲನ್ನು ಮೊಸರು ಮಾಡೋರು ಯಾರು? ಒಂದು ತೊಟ್ಟು ಹೆಪ್ಪಿನಾಗೆ ಏನೋ ಜೀವ ಐತೆ, ಅದು ಹಬ್ಬಿಕೊಂಡು ಗಡಿಗೆ ತುಂಬ ಹೆಪ್ಪುಗಟ್ಟುತ್ತೆ. ಕಣ್ಣಿಗೆ ಕಾಣಲ್ಲ. ಮೇಕೆ ಹೊಟ್ಟೆಯಾಗೂ ಅಂಥವೇ ಇರಬೇಕು. ಇಲ್ಲದಿದ್ರೆ ಒಣ ಜಾಲಿ ಎಲೆ ಹಾಲಾಗೋದು ಹ್ಯಾಗೆ? ಒಮ್ಮೆಗೇ ರಾಗಿ ಬೆಲ್ಲ ಸುರಿದ್ರೆ ಒಳಗೆ ಹುಳಿ ಹೆಚ್ಚಿ ಒಳ್ಳೇವು ಸಾಯ್ತವೆ. ಆ ಕಾಣದ ಜೀವಗಳೇ ನಿಮ್ಮ ಒಕ್ಕಲು.”

ಸಭೆಯಲ್ಲಿ ಯಾರೂ ನಗಲಿಲ್ಲ. ಚೆನ್ನಾಜಿ ಕೂತಲ್ಲಿಂದ ಎದ್ದಳು.

“ಮೂರನೆಯದು. ಒಕ್ಕಲು ಸತ್ತು ಮನೆ ಹಾಳುಬಿದ್ದಿದೆ. ಅದನ್ನು ಮತ್ತೆ ತುಂಬಿಸುವ ಎಂಜಲು ಯಾವುದು?” ಎಂದು ಕೇಳಿ, ತಂದೆಯ ಕಡೆ ತಿರುಗಿದಳು. ಅವಳ ದನಿ ಇಳಿದಿತ್ತು. “ಅಪ್ಪಾಜಿ, ಇದರ ಉತ್ತರ ನನಗೂ ಗೊತ್ತಿಲ್ಲ. ಬಾಲವ್ವ ಹೇಳುವ ಮೊದಲೇ ಉಸಿರು ನಿಂತಿತು.”

“ಹಾಗಾದರೆ ಸರಿ ತಪ್ಪು ಹೇಳುವವರು ಯಾರು?” ದೊರೆ ಸಿಟ್ಟಿನಿಂದ ಕೇಳಿದರು.

“ಮೇಕೆಯೇ ಹೇಳಲಿ ಬುದ್ಧಿ,” ಅಂದ ಕ್ಯಾತ.

ಕೊಟ್ಟಿಗೆಯಲ್ಲಿ ಕಾಯಿಲೆಬಿದ್ದ ಮೇಕೆಗಳ ನಡುವೆ ಕಂದು ಬಣ್ಣದ ಮೇಕೆಯೊಂದು ಕತ್ತು ಚಾಚಿ ಮಲಗಿತ್ತು. ಮೆಲುಕು ನಿಂತು ನಾಲ್ಕು ದಿನವಾಗಿತ್ತು. ಕ್ಯಾತ ಬಿಳಿಗಿವಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾದ. ಅದು ಮೆಲುಕು ಹಾಕತೊಡಗಿದಾಗ ಬಾಯಿಗೆ ಬೆರಳು ತೂರಿಸಿ ಹಸಿರು ಉಂಡೆಯನ್ನು ಹೊರತೆಗೆದ. ಉಗುರುಬೆಚ್ಚಗಿನ ನೀರಲ್ಲಿ ಕಿವುಚಿ, ಕಂದು ಮೇಕೆಯ ತಲೆಯನ್ನು ತುಸುವೇ ಎತ್ತಿ ಗುಟುಕು ಗುಟುಕಾಗಿ ಕುಡಿಸಿದ. ಮೈಗೆ ಕಂಬಳಿ ಹೊದಿಸಿದ. ರಾಗಿಯ ಬಾನಿಯನ್ನು ಹೊರಗಿಟ್ಟು ಒಣಹುಲ್ಲು ತರಿಸಿದ. ಹೊತ್ತುಹೊತ್ತಿಗೆ ಮೆಲುಕಿನ ನೀರು, ನಡುವೆ ಒಂದೊಂದು ಗುಟುಕು ಮಜ್ಜಿಗೆ.

ಮೊದಲ ದಿನ ಮೇಕೆ ಅಲುಗಲಿಲ್ಲ. ಎರಡನೆಯ ದಿನ ಬಾಗಿಲಲ್ಲಿ ಕತ್ತಿ ಹಿಡಿದ ಭಟ ಬಂದು ನಿಂತ. ಕ್ಯಾತನಿಗೆ ಅನ್ನ ಸೇರಲಿಲ್ಲ. ಚೆನ್ನಾಜಿ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತಿದ್ದಳು.

“ಹೆದರಿಕೆಯೇ?” ಅಂದಳು.

“ಹೆದರಿಕೆ ಐತೆ ಅಮ್ಮಾ. ಆದ್ರೂ ಒಳಗೆ ಏನು ನಡೀತಾ ಐತೋ ನೋಡೋ ಆಸೆ ಅದಕ್ಕಿಂತ ಜಾಸ್ತಿ. ಎಡಗಡೆ ಹೊಟ್ಟೆಗೆ ಕಿವಿಯಿಟ್ಟು ನೋಡಿ.”

ಅವಳು ಕಿವಿಯಿಟ್ಟಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದ ಗುಡುಗಿನಂತೆ ಒಂದು ಸದ್ದು ಹೊರಳಿತು. “ಕ್ಯಾತಾ, ಮನೆಯಲ್ಲಿ ಯಾರೋ ಇದ್ದಾರೆ!” ಎಂದು ಕೂಗಿದಳು.

ಮೂರನೆಯ ದಿನ ಬೆಳಿಗ್ಗೆ ದೊರೆ ಬಂದಾಗ ಕಂದು ಮೇಕೆ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತ್ತು. ದವಡೆ ನಿಧಾನವಾಗಿ ಆಡುತ್ತಿತ್ತು.

“ಗಟ್ಟಿ ಮೇಕೆಯ ಮೆಲುಕೇ ಆ ಎಂಜಲು ಬುದ್ಧಿ. ಹಾಲಿಗೆ ಹೆಪ್ಪಿದ್ದಂಗೆ ಹೊಟ್ಟೆಗೆ ಅದು,” ಅಂದ ಕ್ಯಾತ.

ದೊರೆ ಹಿಂಡಿನ ಯಜಮಾನಿಕೆಯ ಬೆಳ್ಳಿ ಕಟ್ಟಿನ ಕೋಲನ್ನು ಅವನ ಕೈಗಿತ್ತು, “ವರ ಕೇಳು. ಊರು ಕೇಳಿದರೂ ಕೊಟ್ಟೆ” ಅಂದರು.

“ಸೆರೆಯಾಗಿರೋ ಇಬ್ಬರನ್ನೂ ಬಿಟ್ಟುಬಿಡಿ. ಗೊತ್ತಿಲ್ಲದ್ದಕ್ಕೆ ತಲೆ ತೆಗೆದ್ರೆ ನಾಳೆ ಕಲಿಯೋಕೆ ಯಾರು ಉಳೀತಾರೆ?”

ದೊರೆ ತಲೆ ತಗ್ಗಿಸಿ ಕೈಸನ್ನೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮುರಿಗೆಶೆಟ್ಟಿ ಹಿಂತಿರುಗಿ ನೋಡದೆ ಊರು ಬಿಟ್ಟ. ಅನಂತಪಂಡಿತ ಮಾತ್ರ ಹೋಗಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಪಂಚೆ ಎತ್ತಿಕಟ್ಟಿ ನಿಂತು, “ಮೆಲುಕು ತೆಗೆಯುವಾಗ ಬೆರಳು ಕಚ್ಚುವುದಿಲ್ಲವೇನಯ್ಯ?” ಎಂದು ಕೇಳಿದ.

ಉತ್ತರ ಕೊಟ್ಟವಳು ಚೆನ್ನಾಜಿ. “ಕಚ್ಚುತ್ತದೆ ಪಂಡಿತರೆ,” ಎಂದು ಬೆರಳಿಗೆ ಸುತ್ತಿದ ಬಟ್ಟೆಪಟ್ಟಿ ತೋರಿಸಿದಳು. “ಬನ್ನಿ ಒಳಗೆ. ಇನ್ನೂ ಹದಿನೇಳು ಮೇಕೆ ಕಾಯುತ್ತಿವೆ.”