ಕಸುಬಿಗೆಂದು ಮೀಸಲಿಟ್ಟ ಕೆಸರು

ಬೇಸಿಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಕೆರೆಯಂಗಳದ ಪಂಚಾಯಿತಿ ಒಂದು ಠರಾವು ಮಾಡಿತು: ಉಳಿದಿರುವ ಹಸಿ ಕೆಸರೆಲ್ಲ ಸಣ್ಣ ಕಸುಬಿನವರಿಗೆ ಮೀಸಲು. ಸುದ್ದಿ ಕೇಳಿ ನೀಲವ್ವನೆಂಬ ಕುಂಬಾರ ಹುಳ ಹಿಗ್ಗಿದಳು. ಮೊಟ್ಟೆಯಿಡಲು ಅವಳು ಕಟ್ಟುತ್ತಿದ್ದ ಮಣ್ಣಿನ ಗಡಿಗೆ ಅರ್ಧಕ್ಕೇ ನಿಂತಿತ್ತು.

ಹಾರಿಬಂದು ನೋಡಿದರೆ ಕೆಸರಿನ ಗುಂಡಿ ಬರಿದಾಗಿತ್ತು. ಪಕ್ಕದಲ್ಲಿ ಅಧ್ಯಕ್ಷ ಕೋಣ ನಿಂತಿದ್ದ. ಅವನ ಬೆನ್ನ ಮೇಲೆ ಕಾರ್ಯದರ್ಶಿ ಬೆಳ್ಳಕ್ಕಿ ಕೂತಿದ್ದ.

"ಅಧ್ಯಕ್ಷರೇ, ನಮ್ಮ ಕೆಸರೆಲ್ಲಿ?"

"ಯಾರೂ ಮುಟ್ಟದಿರಲೆಂದು ಮೂರು ದಿನ ನಾನೇ ಅದರಲ್ಲಿ ಮಲಗಿ ಕಾದಿದ್ದೇನೆ, ತಾಯಿ," ಎಂದ ಕೋಣ.

"ಒಂದು ಹಿಡಿಯೂ ಪೋಲಾಗಿಲ್ಲ," ಎಂದು ಬೆಳ್ಳಕ್ಕಿ ದನಿಗೂಡಿಸಿದ.

ನೀಲವ್ವ ದಂಗಾದಳು. ಕೊಂಬಿನಿಂದ ಬಾಲದವರೆಗೆ ಕೋಣನ ಮೈಗೆ ಮೆತ್ತಿಕೊಂಡಿದ್ದುದು ಅದೇ ಕೆಸರು. ಅವನ ಮುಖದಲ್ಲಿ ಕಳ್ಳತನದ ಅಳುಕು ಎಳ್ಳಷ್ಟೂ ಇರಲಿಲ್ಲ. ಅವಳನ್ನು ನಡುಗಿಸಿದ್ದು ಅದೇ. ಇವನ ಹತ್ತಿರ ಮಾತಾಡಿ ಫಲವಿಲ್ಲವೆಂದು ಅವಳು ಅವನ ಹೊಟ್ಟೆಯಡಿಗೆ ಹೋಗಿ, ಇನ್ನೂ ಹಸಿಯಿದ್ದ ಕಡೆಯಿಂದ ಸಾಸಿವೆಯಷ್ಟು ಕೆಸರು ಕಚ್ಚಿ ತೆಗೆದಳು.

"ಕಳ್ಳಿ!" ಬೆಳ್ಳಕ್ಕಿ ಕಿರುಚಿದ. "ಬಡ ಕಸುಬಿನವರ ಪಾಲಿಗೆ ಬಾಯಿ ಹಾಕಿದಳು! ಹಿಡಿಯಿರಿ ಅವಳನ್ನು!"

ಆ ಕಸುಬಿನವಳು ನಾನೇ ಎಂದು ನೀಲವ್ವ ಕೂಗಿ ಹೇಳಬೇಕಿತ್ತು. ಹೇಳಬೇಕೆಂದರೆ ಬಾಯಲ್ಲಿದ್ದ ಕೆಸರನ್ನು ಉಗುಳಬೇಕಿತ್ತು. ಅವಳು ಉಗುಳಲಿಲ್ಲ, ಬೈಗುಳ ಕೇಳುತ್ತಲೇ ಗಡಿಗೆಯತ್ತ ಹಾರಿದಳು.