ಹೆಸರು ಕೆತ್ತಿದ ಹಂಡೆ

“ಗುರುಗಳೇ, ಹಳೆಯದು ಕೆಟ್ಟಾಗ ಅದನ್ನೇ ಸರಿಮಾಡಿಕೊಳ್ಳಬೇಕೋ, ತೆಗೆದಿಟ್ಟು ಹೊಸದು ಮಾಡಿಕೊಳ್ಳಬೇಕೋ? ಇದನ್ನು ತಿಳಿಯುವುದು ಹೇಗೆ?”

ಕೇಳಿದವನು ಅಡವಯ್ಯ. ಗುರುಗಳ ಬಳಿ ಓದಿ, ಈಗ ಪಕ್ಕದ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು.

“ಯಾವ ಹಳೆಯದು?” ಎಂದರು ಗುರುಗಳು.

ಅಡವಯ್ಯ ತಡವರಿಸಿದ. ಕೊನೆಗೆ ಹೇಳಿದ. ಅವನು ಕಲಿಸುತ್ತಿದ್ದುದು ಗುರುಗಳೇ ನಲವತ್ತು ವರ್ಷದ ಹಿಂದೆ ಬರೆದ ಲೆಕ್ಕದ ಪಾಠ. ಅದರಲ್ಲಿ ಎಲ್ಲವೂ ಸೇರು, ಪಾವು, ಕೊಳಗದಲ್ಲಿತ್ತು. ಈಗಿನ ಮಕ್ಕಳಿಗೆ ಕಿಲೋ ಗೊತ್ತು, ಲೀಟರು ಗೊತ್ತು. ಕೊಳಗ ಎಂದರೆ ನಗುತ್ತಾರೆ. ಕೊಳಗ ಏನೆಂದು ವಿವರಿಸುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಗುತ್ತದೆ, ಲೆಕ್ಕ ಹಾಗೇ ಉಳಿಯುತ್ತದೆ. ಹತ್ತೊಂಬತ್ತು ಕಡೆ ತಿದ್ದಿದ್ದಾನೆ. ಇಪ್ಪತ್ತನೆಯ ಕಡೆ ತಿದ್ದಲು ಕೂತಾಗ ಕೈ ಓಡಲಿಲ್ಲ.

“ಹತ್ತೊಂಬತ್ತು ಕಡೆ ತಿದ್ದುವಾಗ ಇಲ್ಲದ ಭಯ ಇಪ್ಪತ್ತನೆಯದಕ್ಕೆ ಬಂತೋ?” ಗುರುಗಳು ನಕ್ಕರು. “ಕೂತುಕೋ. ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮೊಣಕಾಲಿನಲ್ಲಿ ವಾತ. ನೆಲದ ಮೇಲೆ ನಾಲ್ಕು ಹೆಜ್ಜೆ ಇಡಬೇಕಾದರೆ ಎರಡು ಕೋಲು ಬೇಕು. ಎದೆಮಟ್ಟದ ಬಿಸಿನೀರಿಗೆ ಇಳಿದರೆ ಮಾತ್ರ ಒಂದು ಕೋಲೂ ಬೇಡ. ದಿನವೂ ಹೀಗೆ ನೀರಿನಲ್ಲಿ ನಡೆದರೆ ಕಾಲು ಉಳಿಯುತ್ತದೆ, ಬಿಟ್ಟರೆ ಮರಗಟ್ಟುತ್ತದೆ ಎಂದು ವೈದ್ಯ ಹೇಳಿದ್ದ. ಅದಕ್ಕಾಗಿ ವ್ಯಾಪಾರಿ ಮನೆಯೊಳಗೇ ಒಂದು ಕಲ್ಲಿನ ಕೊಳ ಕಟ್ಟಿಸಿದ.

ಕೊಳ ಕಟ್ಟುವುದು ಸುಲಭ, ಅಷ್ಟು ನೀರು ಕಾಯಿಸುವುದು ಕಷ್ಟ. ಅದಕ್ಕೆ ತಾಮ್ರದ ಕೆಲಸದ ಆಚಾರಿಯನ್ನು ಕರೆಸಿದರು. ಅವನು ಆಳೆತ್ತರದ ಹಂಡೆ ಮಾಡಿದ. ಕೊಳದ ನೀರು ಒಂದು ಕೊಳವೆಯಲ್ಲಿ ಹಂಡೆಗೆ ಬರುತ್ತಿತ್ತು, ಕೆಳಗಿನ ಒಲೆಯ ಉರಿಗೆ ಕಾಯುತ್ತಿತ್ತು, ಇನ್ನೊಂದು ಕೊಳವೆಯಲ್ಲಿ ಕೊಳಕ್ಕೆ ಮರಳುತ್ತಿತ್ತು. ಅಂಥದ್ದನ್ನು ಆ ಸೀಮೆಯಲ್ಲಿ ಯಾರೂ ಮಾಡಿರಲಿಲ್ಲ. ನೋಡಲು ಹತ್ತು ಊರಿನ ಜನ ಬಂದರು.

ಪಾತ್ರೆಯ ಮೇಲೆ ಕೊಂಡವರ ಹೆಸರು ಕೆತ್ತುವುದು ವಾಡಿಕೆ. ಆಚಾರಿ ತನ್ನ ಹೆಸರು ಕೆತ್ತಿದ. ಅದೂ ಹಂಡೆಯ ಹೊಟ್ಟೆಯ ಮೇಲೆ, ಬಂದವರ ಕಣ್ಣಿಗೆ ಬೀಳುವಂತೆ, ಅಂಗೈಯಗಲದ ಅಕ್ಷರಗಳಲ್ಲಿ. ವ್ಯಾಪಾರಿ ಬೇಡ ಅನ್ನಲಿಲ್ಲ, ಹಂಡೆ ಅಷ್ಟು ಚೆನ್ನಾಗಿತ್ತು. ಹೊರಡುವಾಗ ಆಚಾರಿ ಒಂದು ಮಾತು ಹೇಳಿದ. ಪ್ರತಿ ಶುಕ್ರವಾರ ಹುಣಸೆಹಣ್ಣು, ಮರಳು ಹಾಕಿ ಹೆಸರನ್ನು ಚೆನ್ನಾಗಿ ಉಜ್ಜಬೇಕು, ಅಕ್ಷರ ಮಾಸಬಾರದು.

ಅಹಂಕಾರ ಅನ್ನಬೇಡ. ಅಂಥ ಕೆಲಸ ಮಾಡಿದವನಿಗೆ ಹೆಮ್ಮೆ ಇರಬೇಕು. ಹೆಮ್ಮೆಯಿಲ್ಲದವನು ಮಾಡಿದ ಹಂಡೆಯಲ್ಲಿ ನಾನಂತೂ ನೀರು ಕಾಯಿಸುವುದಿಲ್ಲ.

ವ್ಯಾಪಾರಿಯ ಹೆಂಡತಿಗೂ ಹೆಮ್ಮೆ ಕಡಿಮೆಯಿರಲಿಲ್ಲ. ಕೊಳದಲ್ಲಿ ಯಾರಾದರೂ ಕೈಹಿಡಿಯಲು ಬಂದರೆ ಬಿಡಿಸಿಕೊಳ್ಳುತ್ತಿದ್ದಳು. ದಿನಕ್ಕೆ ನಲವತ್ತು ಸುತ್ತು. ನಂಟರ ಮನೆಯ ಮದುವೆಯಿದ್ದರೂ ಸುತ್ತು ಮುಗಿಸಿಯೇ ಹೊರಡುತ್ತಿದ್ದಳು.

ಹದಿನಾರು ವರ್ಷ ಹಂಡೆ ದುಡಿಯಿತು. ಆಗ ಒಮ್ಮೆ ಕೊಳವೆ ಸೇರುವ ಕಡೆ ಬೆಸುಗೆ ಬಿಟ್ಟು ಸೋರಿತು. ಆಚಾರಿ ಅಂದೇ ಬಂದು ಮತ್ತೆ ಬೆಸೆದ. ಆಮೇಲೆ ಹತ್ತು ವರ್ಷ ಯಾರೂ ಆ ಕಡೆ ತಿರುಗಿ ನೋಡಬೇಕಾಗಲಿಲ್ಲ. “ನಾನಿರೋವರೆಗೂ ನನ್ನ ಹಂಡೆ ಇರುತ್ತೆ” ಎಂದು ಅವನು ಸಂತೆಯಲ್ಲಿ ಮೀಸೆ ತಿರುವುತ್ತಿದ್ದ.

ಇಪ್ಪತ್ತಾರನೆಯ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಹಂಡೆ ಮತ್ತೆ ಸೋರಿತು. ಈ ಸಲ ಹೊಟ್ಟೆಯ ಭಾಗದಲ್ಲಿ. ನೀರು ಇಳಿದು ಒಲೆಗೆ ಬಿತ್ತು, ಉರಿ ಚುಯ್ಯೆಂದು ಆರಿತು, ಕೊಳ ತಣ್ಣಗಾಯಿತು.

ರಿಪೇರಿ ಮಾಡಿಸಲೋ, ಹೊಸದು ಮಾಡಿಸಲೋ ಎಂದು ವ್ಯಾಪಾರಿ ಊರೆಲ್ಲ ಕೇಳಿದ. ಹಳೆಯದೇ ಗಟ್ಟಿ ಎಂದವನ ಮನೆಯಲ್ಲಿ ಹಂಡೆಯೇ ಇರಲಿಲ್ಲ. ಹೊಸದೇ ಸರಿ ಎಂದವನು ಎರಡು ವರ್ಷಕ್ಕೊಂದು ಹಂಡೆ ಬದಲಿಸುವವನು. ಕೊನೆಗೆ ವ್ಯಾಪಾರಿ ಆಚಾರಿಯ ಶಿಷ್ಯನನ್ನು ಕರೆತಂದ. ಆ ಶಿಷ್ಯನಿಗೂ ಆಗ ನಲವತ್ತು ದಾಟಿತ್ತು, ಬೇರೆ ಬೀದಿಯಲ್ಲಿ ಸ್ವಂತ ಕುಲುಮೆ ಇತ್ತು. ಅವನು ಹಂಡೆಯನ್ನು ಒಂದು ಕಡೆ ತಟ್ಟಿದ. ಇನ್ನೊಂದು ಕಡೆ ತಟ್ಟಿದ. ಮುಖ ಸಣ್ಣದಾಯಿತು. “ನಮ್ಮ ಗುರುಗಳ ಹೆಸರಿದೆ, ಯಜಮಾನ್ರೇ. ಅವರನ್ನೇ ಕರೆಸಿ” ಎಂದು ಎದ್ದು ಹೋದ.

ಆಚಾರಿಯನ್ನು ಕರೆಸಿದರು. ಅವನು ತೇಪೆ ಹಾಕಿದ. ಹತ್ತು ದಿನಕ್ಕೆ ತೇಪೆಯ ಪಕ್ಕದಲ್ಲಿ ಸೋರಿತು. ಅಲ್ಲಿಗೂ ಒಂದು ತೇಪೆ ಹಾಕಿದ. ಅದು ಎಂಟು ದಿನ ತಡೆಯಿತು. ಮೂರನೆಯದೂ ಆಯಿತು. ತೇಪೆಗಳಲ್ಲಿ ಒಂದೂ ಬಿಡಲಿಲ್ಲ, ಅವನ ಕೈಕೆಲಸ ಅಷ್ಟು ಗಟ್ಟಿ. ಬಿಡುತ್ತಿದ್ದದ್ದು ಅವುಗಳ ಪಕ್ಕದ ತಗಡು. ವ್ಯಾಪಾರಿ ಮೆಲ್ಲಗೆ ಹೊಸ ಹಂಡೆಯ ಮಾತು ತೆಗೆದ. ಆಚಾರಿಗೆ ಕೆನ್ನೆಗೆ ಹೊಡೆದಂತಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಇವನು ಹೆತ್ತದ್ದು ಹೆಗ್ಗಣವೂ ಅಲ್ಲ. ತನ್ನ ಹೆಸರಿರುವ ಹಂಡೆ ಗುಜರಿಗೆ ಹೋಗುವುದಿಲ್ಲ ಎಂದು ಹೇಳಿ, ನಾಲ್ಕನೆಯ ತೇಪೆಗೆ ತಗಡು ಕತ್ತರಿಸಲು ಕೂತ.

ಇಷ್ಟರಲ್ಲಿ ವ್ಯಾಪಾರಿಯ ಹೆಂಡತಿಯ ಗತಿ ಏನಾಯಿತು ಕೇಳು. ಕೆಲವು ದಿನ ಬಿಸಿನೀರು, ಕೆಲವು ದಿನ ತಣ್ಣೀರು. ಕೀಲುಗಳು ಹಿಡಿದುಕೊಂಡವು. ಇಪ್ಪತ್ತಾರು ವರ್ಷ ಒಂದು ದಿನ ತಪ್ಪದೆ ನಡೆದವಳು ಹಾಸಿಗೆ ಹಿಡಿದಳು. ಚಳಿಗಾಲ ಕಳೆಯಲು ಇನ್ನೂ ಎರಡು ತಿಂಗಳಿತ್ತು.

ಆಚಾರಿ ನಾಲ್ಕನೆಯ ತೇಪೆಗೆ ಕೂತ ಆ ದಿನ ಅವಳು ಹಾಸಿಗೆಯಿಂದೆದ್ದು, ಎರಡು ಕೋಲೂರಿಕೊಂಡು, ಗೋಡೆಗೆ ಭುಜ ಕೊಟ್ಟುಕೊಂಡು, ಒಲೆಯ ಬಳಿ ಬಂದು ಕೂತಳು.

“ಆಚಾರ್ರೇ, ಇದು ಆಗುತ್ತಾ ಇಲ್ವಾ, ಅಷ್ಟು ಹೇಳ್ಬಿಡಿ. ಆಗಲ್ಲ ಅಂದ್ರೆ ನಾನೇನೂ ಬೇಜಾರು ಮಾಡ್ಕೊಳಲ್ಲ. ಆಗುತ್ತೆ ಆಗುತ್ತೆ ಅಂತ ಕಾಯೋದೇ ಕಷ್ಟ.”

ಆಚಾರಿ ಕತ್ತರಿ ಕೆಳಗಿಟ್ಟ. ಅಷ್ಟು ದಿನ ಅವನು ಸೋರುವ ತೂತನ್ನು ನೋಡಿದ್ದ, ಹಂಡೆಯನ್ನು ನೋಡಿರಲಿಲ್ಲ. ಮರದ ಕೊಡತಿ ತೆಗೆದುಕೊಂಡು ತಳದಿಂದ ತಟ್ಟುತ್ತ ಬಂದ. ತಳ ಖಣಿಲೆಂದಿತು. ಇಪ್ಪತ್ತಾರು ವರ್ಷದ ಬೆಂಕಿ ಅದಕ್ಕೆ ಏನೂ ಮಾಡಿರಲಿಲ್ಲ. ಮೇಲೆ ಬಂದಂತೆ ದನಿ ಕುಗ್ಗಿತು. ಹೆಸರಿನ ಹತ್ತಿರ ಬಂದಾಗ ಹಪ್ಪಳ ತಟ್ಟಿದ ಸದ್ದು. ಹೆಸರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ತಗಡು ಒಳಕ್ಕೆ ಬಾಗಿತು.

ಹಂಡೆಯನ್ನು ಬೆಂಕಿ ಸವೆಸಿರಲಿಲ್ಲ, ಶುಕ್ರವಾರ ಸವೆಸಿತ್ತು. ಉಜ್ಜಿ ಉಜ್ಜಿ ಹೆಸರಿನ ಸುತ್ತ ತಗಡು ಕಾಗದದಷ್ಟಾಗಿತ್ತು. ಉಜ್ಜಲು ಹೇಳಿದವನು ಅವನೇ.

ಅವನು ಇನ್ನೊಂದು ತೇಪೆ ಹಾಕಿ ಇನ್ನೊಂದು ವಾರ ತಳ್ಳಬಹುದಿತ್ತು. ಬೆಂಕಿ ಜಾಸ್ತಿಯಾಯಿತು, ನೀರು ಉಪ್ಪು ಎಂದು ನೆವ ಹೇಳಬಹುದಿತ್ತು, ಕೇಳುವವರು ನಂಬುತ್ತಿದ್ದರು. ಅವನು ಎದ್ದು ನಿಂತ.

“ತಾಯಿ, ಬೆಸುಗೆ ಬಿಟ್ರೆ ಮತ್ತೆ ಬೆಸೀಬಹುದು. ತಗಡೇ ಸೋತ್ರೆ ಬೆಸೆಯೋಕೆ ಜಾಗ ಇರಲ್ಲ. ಈ ಹಂಡೆ ಮುಗೀತು. ಮುಗೀತು ಅಂತ ನಾನೇ ಹೇಳ್ತಿದೀನಿ.”

ಅವನ ಕೈಗೆ ಈಗ ಆಳೆತ್ತರದ ಹಂಡೆ ಬಡಿಯುವ ಕಸುವು ಉಳಿದಿರಲಿಲ್ಲ. ಅಲ್ಲಿಂದ ನೇರ ಶಿಷ್ಯನ ಕುಲುಮೆಗೆ ಹೋದ.

“ತಟ್ಟಿದಾಗಲೇ ನಿಂಗೆ ಗೊತ್ತಾಗಿತ್ತಲ್ಲ. ಯಾಕೋ ಹೇಳ್ಲಿಲ್ಲ?”

“ನಿಮ್ಮ ಹೆಸರಿತ್ತು, ಗುರುಗಳೇ.”

“ಹೆಸರು ಓದೋಕೆ ಕರೆದಿದ್ರಾ ನಿನ್ನ? ಆ ತಾಯಿ ಹಾಸಿಗೆ ಹಿಡಿದಿದಾಳೆ. ಅದರಲ್ಲಿ ಅರ್ಧ ಪಾಪ ನಂದು, ಅರ್ಧ ನಿಂದು. ಏಳು, ತಗಡು ಅಳತೆ ಮಾಡು.”

ಅಡವಯ್ಯ ತಲೆ ತಗ್ಗಿಸಿದ್ದನ್ನು ಗುರುಗಳು ನೋಡಿದರು. ಕತೆ ನಿಲ್ಲಿಸಲಿಲ್ಲ.

ಹೊಸ ಹಂಡೆ ಒಂಬತ್ತು ದಿನದಲ್ಲಿ ಆಯಿತು. ಮುದುಕ ಆಚಾರಿ ಒಂಬತ್ತು ದಿನವೂ ಕುಲುಮೆಯಲ್ಲೇ ಕೂತಿದ್ದ. ಸುತ್ತಿಗೆ ಮುಟ್ಟಲಿಲ್ಲ, ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮೂರು ತಪ್ಪು ಹುಡುಕಿ ಮೂರನ್ನೂ ತಿದ್ದಿಸಿದ. ಚೆನ್ನಾಗಿದೆ ಎಂದು ಒಮ್ಮೆಯೂ ಅನ್ನಲಿಲ್ಲ. ಅನ್ನಲಾರದಷ್ಟು ಚೆನ್ನಾಗಿತ್ತು.

ಒಲೆ ಹಚ್ಚಿದ ದಿನ ಕೊಳ ಬೆಚ್ಚಗಾಯಿತು. ವ್ಯಾಪಾರಿಯ ಹೆಂಡತಿ ಇಳಿದಳು. ಮೊದಲ ದಿನ ಅಂಚು ಹಿಡಿದು ನಿಂತದ್ದಷ್ಟೇ. ಐದನೆಯ ದಿನ ಒಂದು ಕೈ ಬಿಟ್ಟಳು. ಹದಿನೈದನೆಯ ದಿನ ಈ ತುದಿಯಿಂದ ಆ ತುದಿಗೆ ಯಾರ ಆಸರೆಯೂ ಇಲ್ಲದೆ ನಡೆದಳು. ಅಂದು ವ್ಯಾಪಾರಿ ಬೀದಿಗೆಲ್ಲ ಊಟ ಹಾಕಿಸಿದ.

ಊಟಕ್ಕೆ ಬಂದ ಒಬ್ಬ ಹಂಡೆಯ ಸುತ್ತ ತಿರುಗಿ ನೋಡಿದ. ಎಲ್ಲಿಯೂ ಹೆಸರಿರಲಿಲ್ಲ. ಇದು ಯಾರ ಕೆಲಸ ಎಂದು ಕೇಳಿದ. ಶಿಷ್ಯ ನಾಚಿ ನೆಲ ನೋಡಿದ. ಮುದುಕ ಊಟದ ಎಲೆಯ ಮುಂದೆಯೇ ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದ:

“ಕೆಲಸ ಇವನ್ದು. ಹಳೇದು ಮುಗೀತು ಅಂದವನು ನಾನು.”

ಮೊದಲ ಹಂಡೆ ನೋಡಲು ಹತ್ತು ಊರಿನ ಜನ ಬಂದ ದಿನವೂ ಅವನ ದನಿಯಲ್ಲಿ ಅಷ್ಟು ಹೆಮ್ಮೆ ಇರಲಿಲ್ಲ. ಇರಬೇಕಾದದ್ದೇ. ಹಂಡೆ ಮಾಡುವವರು ಹುಡುಕಿದರೆ ನಾಲ್ಕು ಜನ ಸಿಗುತ್ತಾರೆ. ತನ್ನ ಹಂಡೆ ಮುಗಿಯಿತು ಎನ್ನುವವನು ಸಿಗುವುದು ಕಷ್ಟ. ನನಗಂತೂ ಆ ಮುದುಕನ ಮೇಲೆ ಬಹಳ ಪ್ರೀತಿ.

ಗುರುಗಳು ಕತೆ ಮುಗಿಸಿದರು. ಅಡವಯ್ಯ ಕೇಳಿದ.

“ಆದರೆ ಗುರುಗಳೇ, ನನಗೆ ಲೆಕ್ಕ ಬಂದದ್ದೇ ನಿಮ್ಮ ಆ ಪಾಠದಿಂದ. ಅದು ಸವೆದಿದೆ ಎಂದು ನನ್ನ ಬಾಯಿಂದಲೇ ಹೇಗೆ ಹೇಳಲಿ?”

ಗುರುಗಳ ಮುಖದಲ್ಲಿ ಹೆಮ್ಮೆ ಕಾಣಿಸಿತು. ಅದನ್ನು ಅವರು ಮುಚ್ಚಿಡಲಿಲ್ಲ.

“ತಾನು ಸವೆದದ್ದು ಕಾಣುವಷ್ಟು ಲೆಕ್ಕವನ್ನು ಅದು ನಿನಗೆ ಕಲಿಸಿತಲ್ಲ, ನನ್ನ ಪಾಠ ಗೆದ್ದಿತು, ಇನ್ನು ನಿನ್ನದು ಬರೆ.”