ಎರಡು ಬಕೆಟ್ ಜಲ್ಲಿ

ಇನ್ನೂರು ಲೋಡ್ ಜಲ್ಲಿಯ ವ್ಯವಹಾರ. ರಸ್ತೆ ಕೆಲಸದ ಗುಮಾಸ್ತನಿಗೆ ಕ್ರಷರ್ ಮಾಲೀಕ ಈರಭದ್ರಪ್ಪ ಗದರಿದ: "ಸ್ಯಾಂಪಲ್ ಪಾಸಾಗಿದೆ, ಲಾರಿಗಳು ಗೇಟಿನಲ್ಲಿ ನಿಂತಿವೆ. ಸುಮ್ಮನೆ ರುಜು ಹಾಕಯ್ಯ!"

ಅಷ್ಟು ಅವಸರ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಗುಮಾಸ್ತ ಎರಡು ಬಕೆಟ್ ಜಲ್ಲಿ ತಂದಿಟ್ಟ.

"ಸಾವ್ಕಾರ್ರೇ, ಇದು ನಿಮ್ಮ ಸ್ಯಾಂಪಲ್ಲು. ಅದು ಇವತ್ತು ಯಾರೋ ತಂದದ್ದು. ತಗೊಳ್ಳಬಹುದಾ? ಕಲ್ಲಿನ ವಿಷಯ ನಿಮ್ಮಷ್ಟು ಯಾರಿಗೆ ಗೊತ್ತು!"

ಈರಭದ್ರಪ್ಪ ಉಬ್ಬಿದ. ಜೀಪಿನಿಂದ ತನ್ನ ಸುತ್ತಿಗೆ ತಂದು ಎರಡನೇ ಬಕೆಟ್ಟಿನ ಕಲ್ಲನ್ನು ಕುಟ್ಟಿದ. ಕಲ್ಲು ಪುಡಿಯಾಯಿತು.

"ಥೂ! ಯಾವ ಕಳ್ಳ ಕೊಟ್ಟನಯ್ಯ? ಮೊದಲ ಮಳೆಗೇ ರಸ್ತೆ ಕಿತ್ತುಹೋಗುತ್ತೆ."

"ಹಾಗಂತ ಬರೆದುಕೊಡಿ."

ಬರೆದು ರುಜು ಹಾಕಿದ.

"ಅದು ನಿಮ್ಮ ಮೊದಲನೇ ಲಾರಿಯದು," ಅಂದ ಗುಮಾಸ್ತ.

ಈರಭದ್ರಪ್ಪ ಸರಸರನೆ ಜೀಪು ಹತ್ತಿದ.

ಹನ್ನೆರಡು ಲಾರಿ ವಾಪಸ್ಸು ಹೋದವು. ಸ್ಯಾಂಪಲ್ಲಿನಂಥದೇ ಕಲ್ಲು ಇನ್ನೂರು ಲೋಡ್ ಅದೇ ದರಕ್ಕೆ ಬಂತು. ಜೊತೆಗೆ, ಮರೆತುಹೋದ ಒಂದು ಒಳ್ಳೆಯ ಸುತ್ತಿಗೆ.